ಬೊಸೆಜೂರನ ಅರ್ಧ ಸಂಬಳ

ಮಾತಾನ್,
ಅಕ್ಟೋಬರ್ 9, 2016

ವಿಯಾತೂರ್,

ಈ ಕಾಗದ ನಿನ್ನ ಕೈ ಸೇರುವಷ್ಟರಲ್ಲಿ ಐಸ್ ಹಾಕಿ ಪಂದ್ಯಗಳು ಶುರುವಾಗಿ ವಾರ ಕಳೆದಿರುತ್ತದೆ. ನಿನ್ನ ಊರಿಗೆ ರಸ್ತೆ ಹಾಕುತ್ತೇವೆಂದು ಸರ್ಕಾರದವರು ನನ್ನ ಮದುವೆಯಾದಾಗಿನಿಂದ ಹೇಳುತ್ತಿದ್ದಾರೆ. ಈಗ ನನ್ನ ಮದುವೆಯೇ ಮುಗಿಯಿತು, ರಸ್ತೆ ಬರಲಿಲ್ಲ. ಟಪಾಲಿನ ವಿಮಾನ ಇಳಿದ ದಿನ ಓದಿಕೋ.

ವಿಷಯಕ್ಕೆ ಬರುತ್ತೇನೆ. ಬರುತ್ತೇನೆ ಎಂದು ಇನ್ನೆಲ್ಲಿಗೋ ಹೋಗುವುದು ನನ್ನ ಅಭ್ಯಾಸ. ನಿನ್ನ ಅಕ್ಕ ರೊಲಾಂದ್ ಇದ್ದಿದ್ದರೆ ಮೊಣಕೈಯಲ್ಲಿ ತಿವಿಯುತ್ತಿದ್ದಳು. ಮಾರ್ಚ್‌ನಲ್ಲಿ ಅವಳು ಹೋದ ಮೇಲೆ ನಮ್ಮ ಮನೆ ಲೀಗಿನಲ್ಲಿ ತಂಡ ಮೂರು, ಮಾಲೀಕರು ಇಬ್ಬರು. ಮೊನ್ನೆ ಪಕ್ಕದ ಮನೆಯ ಫೆರ್ನಾಂದ್ ಬಟಾಣಿ ಸೂಪು ತಂದುಕೊಟ್ಟಳು. ಮೇಜಿನ ಮೇಲಿನ ಹಾಳೆಗಳನ್ನು ನೋಡಿ ಕೇಳಿದಳು:

“ಅಲ್ಲ ಒನೆಸಿಮ್, ಈ ಆಟಗಾರರೆಲ್ಲ ನಿಜವಾಗ್ಲೂ ನಿಮ್ಮವರಾ?”

“ಕಾಗದದ ಮೇಲೆ ನಮ್ಮವರು. ಅವರು ಟಿವೀಲಿ ಗೋಲು ಹೊಡೆದ್ರೆ ನಮಗೆ ಅಂಕ. ಒಂದು ತಂಡದವರ ಸಂಬಳ ಎಲ್ಲ ಸೇರಿ ಎಪ್ಪತ್ತು ಮಿಲಿಯನ್ ಡಾಲರ್ ದಾಟಬಾರ್ದು, ಅಷ್ಟೇ.”

“ಆ ದುಡ್ಡು ಯಾರು ಕೊಡ್ತಾರೆ?”

“ಯಾರೂ ಕೊಡಲ್ಲ.”

“ಮತ್ತೆ ಮಿತಿ ಯಾಕಪ್ಪಾ?”

“ಮಿತಿ ಇಲ್ಲದಿದ್ರೆ ವಿಯಾತೂರ್ ಒಳ್ಳೆಯವರನ್ನೆಲ್ಲ ತಾನೇ ಬಾಚ್ಕೋತಾನಲ್ಲ!”

ಗೆದ್ದವರಿಗೆ ಏನು ಸಿಗುತ್ತದೆ ಎಂದು ಕೇಳಿದಳು. ಒಂದು ಬಾಟಲಿ ಜಾಮ್ ಎಂದೆ, ನದಿಯಾಚೆ ನಿನ್ನ ಕಡೆಯ ಉತ್ತರ ದಡದ ಜೌಗಿನಲ್ಲಿ ಬೆಳೆಯುವ ಶಿಕುತೆ ಹಣ್ಣಿನದು. ಫೆರ್ನಾಂದ್ ಸೂಪಿನ ಪಾತ್ರೆ ಇಟ್ಟು ತಲೆಯಲ್ಲಾಡಿಸುತ್ತ ಹೋದಳು.

ನನ್ನ ತೀರ್ಮಾನ ಇದು. ನನ್ನ ಸ್ವಂತ ತಂಡವನ್ನು ಬಿಟ್ಟುಬಿಟ್ಟಿದ್ದೇನೆ, ಅವರಲ್ಲಿ ನಿನಗೆ ಬೇಕಾದವರನ್ನು ಆರಿಸಿಕೋ. ಇನ್ನು ಮುಂದೆ ನಾನು ರೊಲಾಂದಳ ತಂಡವನ್ನು ನಡೆಸುತ್ತೇನೆ. ಒಬ್ಬನನ್ನೂ ಬದಲಿಸುವುದಿಲ್ಲ. ಲೊಯಿಕ್ ಬೊಸೆಜೂರ್ ವಿಚಾರವನ್ನಂತೂ ಎತ್ತಲೇಬೇಡ. ಇಪ್ಪತ್ತರ ಹುಡುಗ, ಹಿಂದಿನ ಸಾಲಿನಲ್ಲಿ ಆಡುವವನು, ಇನ್ನೂ ಹೆಸರು ಮಾಡಿಲ್ಲ. ಹೋದ ವರ್ಷ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿಕೊಂಡು ಮಾತಾಡಿದ ಮೇಲೆ, ಅದೇ ವಾರ, ಅವಳು ಅವನಿಗೆ ಎಂಟು ವರ್ಷದ ಒಪ್ಪಂದ ಬರೆದಳು. ನಮ್ಮ ನಿಯಮದಲ್ಲಿ ಅದಕ್ಕಿಂತ ಉದ್ದದ್ದಿಲ್ಲ. ನಾನು ಬಗ್ಗಿ ನೋಡಿ “ಎಂಟಾ?” ಎಂದೆ. “ಎಂಟು” ಎಂದಳು. ಎದ್ದು ಒಲೆಯ ಮೇಲಿನ ಪಾತ್ರೆ ಇಳಿಸಲು ಹೋದಳು.

ಆಟ ಒಂದನ್ನೂ ಬಿಡದೆ ನೋಡುತ್ತೇನೆ, ಯೋಚನೆ ಬೇಡ. ಆಟಗಾರರ ಅದಲುಬದಲಿನ ಮಾತು ಕಾಗದದಲ್ಲೇ ಆಗಬೇಕು ಎಂಬ ಅವಳ ನಿಯಮವೂ ಇದ್ದ ಹಾಗೇ ಇರುತ್ತದೆ. ಫೋನಿನಲ್ಲಿ ನಾವಿಬ್ಬರೂ ಬೈದಾಡುತ್ತೇವೆ, ಬರೆಯುವಾಗಲಾದರೂ ಸ್ವಲ್ಪ ಯೋಚಿಸುತ್ತೇವೆ ಎಂದು ತಾನೇ ಅವಳು ಅದನ್ನು ಮಾಡಿದ್ದು.

ಕಾಲೇಜಿನ ಇಂಗ್ಲಿಷ್ ಮೇಷ್ಟ್ರು ಕಲಿಸಿದ ಹಾಗೆ, ಯುವರ್ ಒಬೀಡಿಯೆಂಟ್ ಸರ್ವೆಂಟ್ (ಹೆದರಬೇಡ, ನಿನ್ನ ಮಾತು ಕೇಳುತ್ತೇನೆಂದು ಇದರ ಅರ್ಥವಲ್ಲ),
ಒನೆಸಿಮ್


ಲಾ ತಬಾತಿಯೇರ್,
ಅಕ್ಟೋಬರ್ 27, 2016

ಭಾವಾ,

ವಿಮಾನ ಮಂಜಿನಲ್ಲಿ ಸುತ್ತಿ ಸುತ್ತಿ ವಾಪಸ್ ಹೋಗಿ, ಮರುದಿನ ಇಳಿಯಿತು. ನಿಮ್ಮ ಕಾಗದದ ಜೊತೆ ಊರಿಗೆ ಈರುಳ್ಳಿಯೂ ಬಂತು. ಜನಕ್ಕೆ ಈರುಳ್ಳಿಯದೇ ಸಂಭ್ರಮ.

ಎತ್ತಬೇಡ ಎಂದಿದ್ದೀರಿ, ಎತ್ತುತ್ತೇನೆ. ಬೊಸೆಜೂರ್‌ನನ್ನು ನನಗೆ ಕೊಡಿ. ಬದಲಿಗೆ ಸ್ಟೆನ್‌ಗಾರ್ಡ್ ನಿಮಗೆ. ಹೌದು, ಅದೇ ಸ್ಟೆನ್‌ಗಾರ್ಡ್, ಹೋದ ವರ್ಷ ನಲವತ್ತು ಗೋಲು ಹೊಡೆದವನು. ಇಡೀ ಕೆನಡಾದಲ್ಲಿ ಇಂಥ ಅದಲುಬದಲಿಗೆ ಬೇಡ ಅನ್ನುವವರು ಯಾರೂ ಇರಲಾರರು. ನೀವೊಬ್ಬರು ಇದ್ದೀರೇನೋ ಎಂದು ಭಯ.

ನಾನು ನೋಡಿಕೊಳ್ಳುವ ಡೀಸೆಲ್ ವಿದ್ಯುತ್ ಮನೆಯಲ್ಲಿ ಎರಡನೇ ಯಂತ್ರ ಕೆಮ್ಮುತ್ತಿದೆ. ನಾನು ಹುಷಾರಾಗಿದ್ದೇನೆ. ಊಟ ಸರಿಯಾಗಿ ಮಾಡಿ.

ವಿಯಾತೂರ್


ಮಾತಾನ್,
ನವೆಂಬರ್ 6, 2016

ವಿಯಾತೂರ್,

ಎಲಾ ನರಿ! ನಲವತ್ತು ಗೋಲಿನವನನ್ನು ಇಪ್ಪತ್ತರ ಹುಡುಗನಿಗಾಗಿ ಯಾರಾದರೂ ಸುಮ್ಮನೆ ಕೊಡುತ್ತಾರೆಯೆ? ನಿನ್ನ ಲೆಕ್ಕ ನನಗೆ ಅರ್ಥವಾಗುತ್ತದೆ. ಸ್ಟೆನ್‌ಗಾರ್ಡ್‌ಗೆ ಒಂಬತ್ತು ಮಿಲಿಯನ್, ಬೊಸೆಜೂರ್‌ಗೆ ನಾಲ್ಕು. ಆ ದೊಡ್ಡ ಮನುಷ್ಯ ನನ್ನ ಮನೆಗೆ ಬರಬೇಕಾದರೆ ರೊಲಾಂದ್ ಆರಿಸಿದ ಇನ್ನಿಬ್ಬರು ಹೊರಗೆ ಹೋಗಬೇಕು, ಇಲ್ಲವಾದರೆ ಮಿತಿ ಮೀರುತ್ತದೆ. ಇನ್ನೆರಡು ವರ್ಷಕ್ಕೆ ಅವನ ಮಂಡಿ ಸವೆಯುತ್ತದೆ, ಆಗ ನಿನ್ನ ಹತ್ತಿರ ಹುರಿಯಾಳು ಹುಡುಗ, ನನ್ನ ಹತ್ತಿರ ಮಂಡಿನೋವಿನವನು. ಮುದುಕನ ಹತ್ತಿರ ಈಗಾಗಲೇ ಎರಡು ಕೆಟ್ಟ ಮಂಡಿ ಇವೆ ಕಣೋ, ನನ್ನವೇ.

ಅವನನ್ನು ಕೊಡುವುದಿಲ್ಲ. ನಿನ್ನೆ ಶನಿವಾರದ ಆಟದಲ್ಲಿ ಎಷ್ಟು ಚೆನ್ನಾಗಿ ಆಡಿದ, ನೋಡಿದೆಯಲ್ಲ! ಅಂಗಳದ ನೀಲಿ ಗೆರೆಯ ಹತ್ತಿರ ಪಕ್ ಬಿಲ್ಲೆ ಕಸಿದುಕೊಂಡು ಒಬ್ಬನೇ ಮುಂದೆ ನುಗ್ಗಿದ್ದು! ನಾನು ಕುರ್ಚಿಯಿಂದ ಎದ್ದುಬಿಟ್ಟೆ.

ಇಲ್ಲಿ ಸಿಗಡಿ ದೋಣಿಗಳನ್ನು ದಡಕ್ಕೆಳೆದಿದ್ದಾರೆ. ನದಿಯ ಅಂಚು ಬೆಳಗಿನಲ್ಲಿ ಬಿಳಿಯಾಗಿರುತ್ತದೆ. ರೊಲಾಂದಳ ಸ್ವೆಟರುಗಳನ್ನೂ ಶಾಲುಗಳನ್ನೂ ಚರ್ಚಿನ ಹೆಂಗಸರು ಬಂದು ತೆಗೆದುಕೊಂಡು ಹೋದರು. ಚಳಿಗಾಲಕ್ಕೆ ಯಾರಿಗಾದರೂ ಆಗುತ್ತದೆ ಎಂದರು. ಹೌದು ಎಂದೆ. ಬೀರು ಈಗ ಬಾಗಿಲು ತೆಗೆದರೆ ಸದ್ದು ಬೇರೆಯಾಗಿದೆ. ಇದನ್ನೆಲ್ಲ ಯಾಕೆ ಬರೆದೆನೋ. ಹಾಕಿಗೂ ಇದಕ್ಕೂ ಸಂಬಂಧವಿಲ್ಲ.

ಒನೆಸಿಮ್


ಲಾ ತಬಾತಿಯೇರ್,
ನವೆಂಬರ್ 23, 2016

ಭಾವಾ,

ಸ್ಟೆನ್‌ಗಾರ್ಡ್ ಜೊತೆಗೆ ಮುಂದಿನ ವರ್ಷ ಹೊಸ ಆಟಗಾರರನ್ನು ಹಂಚಿಕೊಳ್ಳುವಾಗ ನನಗಿರುವ ಮೊದಲ ಆಯ್ಕೆಯನ್ನೂ ಕೊಡುತ್ತೇನೆ. ನಿಮ್ಮ ಮಿತಿಗೆ ತೊಂದರೆಯಾದರೆ ಸ್ಟೆನ್‌ಗಾರ್ಡ್ ಸಂಬಳದಲ್ಲಿ ಅರ್ಧ ನಾನೇ ಹೊರುತ್ತೇನೆ. ದೊಡ್ಡ ಲೀಗಿನಲ್ಲಿ ಮಾಡುವ ಹಾಗೆ: ಆಟಗಾರ ನಿಮ್ಮ ಹತ್ತಿರ, ಅರ್ಧ ಸಂಬಳ ನನ್ನ ತಂಡದ ಲೆಕ್ಕದಲ್ಲಿ, ಅವನ ಒಪ್ಪಂದ ಮುಗಿಯುವವರೆಗೆ. ಅಕ್ಕ ಅದನ್ನು ನಮ್ಮ ನಿಯಮಕ್ಕೂ ಸೇರಿಸಿದ್ದಳು, ಯಾರೂ ಬಳಸಲಿಲ್ಲ ಅಷ್ಟೇ.

ನಿನ್ನೆಯ ಆಟ ನಿಮಗೆ ಗೊತ್ತೇ ಇದೆ, ಆದರೂ ಬರೆಯುತ್ತೇನೆ, ಬರೆಯುವುದು ನನಗೆ ಖುಷಿ. ಮಾಂಟ್ರಿಯಲ್‌ನವರು ಮೊದಲ ಅವಧಿಯಲ್ಲೇ ಎರಡು ಗೋಲು ತಿಂದರು. ಕೊನೆಗೆ ಗೋಲ್‌ಕೀಪರನ್ನು ಹೊರಗೆ ಕರೆದು ದಾಳಿಗೆ ಆರನೆಯವನನ್ನು ಬಿಟ್ಟರು, ಒಂದು ಹೊಡೆದರು, ಇನ್ನೊಂದು ಕಂಬಕ್ಕೆ ಬಡಿಯಿತು. ನಿಮ್ಮ ತಂಡದ ಗೋಲ್‌ಕೀಪರ್ ಕುಬಾಲೆಕ್‌ಗೆ ಶುಕ್ರವಾರ ಆಟವಿದೆ. ಇನ್ನು ಮುಂದೆ ಪ್ರತಿ ಕಾಗದದಲ್ಲೂ ಹೀಗೆ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಅವನನ್ನು ಕೊಡಿ ಭಾವಾ.

ವಿಯಾತೂರ್


ಮಾತಾನ್,
ಡಿಸೆಂಬರ್ 11, 2016

ವಿಯಾತೂರ್,

ಮೊನ್ನೆ ಶುಕ್ರವಾರ ಅಂಚೆ ಕಚೇರಿಗೆ ಹೋಗಿದ್ದೆ. ನಿನ್ನ ಕಾಗದ ಕೊಡುತ್ತ ಕಿಟಕಿಯ ಹಿಂದಿನ ಒಡಿಲ್ ಹೇಳಿದಳು, “ನಿಮ್ಮ ಹುಡುಗನ ಭುಜದ ಆಪರೇಷನ್ ಆಯ್ತಂತಲ್ಲ? ಪಾಪ, ಫೆಬ್ರವರಿ ತನಕ ಆಡಲ್ವಂತೆ.”

“ಯಾವ ಹುಡುಗ?”

“ಅದೇ ಬೊಸೆಜೂರ್! ಅಕ್ಟೋಬರ್ ಕೊನೇಲಿ ಬಿದ್ದನಲ್ಲ. ನಿಮಗೆ ಗೊತ್ತಿಲ್ವಾ? ರೊಲಾಂದ್ ಇದ್ದಿದ್ರೆ ಈ ಕಿಟಕಿ ಹತ್ರಾನೇ ಅಳ್ತಿದ್ಲು.”

ಗೊತ್ತು ಎಂದೆ. ಹಿಂದೆ ಕ್ಯೂನಲ್ಲಿ ಜನ ನಿಂತಿದ್ದರು. ಟೋಪಿಯನ್ನು ಕಿಟಕಿಯಲ್ಲೇ ಮರೆತು ಬರಿತಲೆಯಲ್ಲಿ ಹಿಮದಲ್ಲಿ ಮನೆಗೆ ಬಂದೆ.

ಹಾಗಾದರೆ ನಾನು ನವೆಂಬರ್‌ನಲ್ಲಿ ಅವನನ್ನು ಹೊಗಳಿ ಬರೆದಾಗ ಅವನು ಆಸ್ಪತ್ರೆಯಲ್ಲಿದ್ದ. ನಿನಗೆ ಅದು ಗೊತ್ತಿತ್ತು. ಭಾವ ಟಿವಿಯನ್ನೇ ಹಾಕುತ್ತಿಲ್ಲ, ಕಟ್ಟಿ ಹೇಳುತ್ತಿದ್ದಾನೆ ಎಂದು ಗೊತ್ತಿದ್ದೂ ಸುಮ್ಮನಿದ್ದೆ. ಮಗುವಿಗೆ ಅನ್ನ ಕಲೆಸಿಕೊಡುವ ಹಾಗೆ ಆಟದ ಕಥೆ ಬರೆದು ಕಳಿಸಿದೆ. ಭುಜ ಮುರಿದವನಿಗಾಗಿ ಸ್ಟೆನ್‌ಗಾರ್ಡ್, ಅವನ ಅರ್ಧ ಸಂಬಳ, ಮೇಲೆ ಮೊದಲ ಆಯ್ಕೆ! ಮೊದಲು ನಿನ್ನನ್ನು ನರಿ ಎಂದುಕೊಂಡಿದ್ದೆ. ನರಿಯಾಗಿದ್ದರೇ ಚೆನ್ನಾಗಿತ್ತು. ಇದು ವ್ಯಾಪಾರವಲ್ಲ, ಕನಿಕರ. ಕನಿಕರ ಈ ಊರಲ್ಲಿ ನನಗೆ ಬೇಕಾದಷ್ಟು ಸಿಗುತ್ತದೆ, ಸೂಪಿನ ರೂಪದಲ್ಲಿ. ಫ್ರಿಜ್‌ನಲ್ಲಿ ಜಾಗವಿಲ್ಲ.

ಹೌದು, ಟಿವಿ ಹಾಕಿಲ್ಲ. ಮಾರ್ಚ್‌ನಿಂದ ಹಾಕಿಲ್ಲ.

ಲೀಗನ್ನು ಇಲ್ಲಿಗೆ ಮುಚ್ಚೋಣ. ಗೆದ್ದವನು ನೀನೇ. ಜಾಮ್ ನಿನ್ನ ಹತ್ತಿರವೇ ಇದೆ, ತಿನ್ನು. ದಿ ಮ್ಯಾಟರ್ ಈಸ್ ಕ್ಲೋಸ್ಡ್ ಎಂದು ಬರೆಯುತ್ತಾರಲ್ಲ, ಹಾಗೆ.

ಒನೆಸಿಮ್


ಲಾ ತಬಾತಿಯೇರ್,
ಜನವರಿ 8, 2017

ಭಾವಾ,

ಕ್ರಿಸ್‌ಮಸ್‌ಗೆ ನಿಮ್ಮಿಂದ ಕಾರ್ಡ್ ಬರಲಿಲ್ಲ. ನಾನೂ ಕಳಿಸಲಿಲ್ಲ. ಬರೆದಿದ್ದೆ, ಒಲೆಗೆ ಹಾಕಿದೆ, ಮತ್ತೆ ಬರೆದೆ. ನಿಮ್ಮ ಹಾಗೆ ಬರೆಯಲು ನನಗೆ ಬರುವುದಿಲ್ಲ. ನಾನು ಯಂತ್ರದ ಮನುಷ್ಯ.

ನನಗೆ ಗೊತ್ತಿತ್ತು, ನಿಜ. ಹೇಳಿದರೆ ಬರೆಯುವುದನ್ನೂ ನಿಲ್ಲಿಸುತ್ತೀರಿ ಎಂದು ಹೆದರಿದೆ. ಹೇಳದೆಯೂ ನಿಲ್ಲಿಸಿದಿರಿ.

ಆದರೆ ಕನಿಕರ ಅಂದಿರಲ್ಲ, ಅದು ಸುಳ್ಳು. ನಾನು ಅವನನ್ನು ಕೇಳಿದ ಕಾಗದಕ್ಕೆ ಅಕ್ಟೋಬರ್ ಇಪ್ಪತ್ತೇಳರ ಮುದ್ರೆ ಇದೆ, ಬೇಕಾದರೆ ನೋಡಿ. ಆಗ ಅವನ ಭುಜ ಗಟ್ಟಿಯಾಗೇ ಇತ್ತು. ಭುಜ ಮುರಿದ ಮೇಲೂ ಕೇಳಿದೆ. ಅವನು ಇನ್ನೆಂದೂ ಆಡುವುದಿಲ್ಲ ಎಂದರೂ ಕೇಳುತ್ತಿದ್ದೆ.

ಅಮ್ಮ ಹೋದಾಗ ನನಗೆ ನಾಲ್ಕು ವರ್ಷ, ಅಕ್ಕನಿಗೆ ಹದಿನಾಲ್ಕು. ಚರ್ಚಿನ ಹಿಂದಿನ ಕೊಳ ಹೆಪ್ಪುಗಟ್ಟಿದಾಗ ಅಪ್ಪನ ರಬ್ಬರ್ ಬೂಟು ಹಾಕಿಕೊಂಡು, ನನ್ನ ಸ್ವೆಟರಿನ ಹಿಂಬದಿ ಹಿಡಿದುಕೊಂಡು ಸ್ಕೇಟಿಂಗ್ ಕಲಿಸಿದವಳು ಅವಳು. ತನಗೆ ಸ್ಕೇಟ್ಸ್ ಇರಲಿಲ್ಲ, ಇದ್ದ ಒಂದು ಜೊತೆ ನನ್ನ ಕಾಲಲ್ಲಿತ್ತು. ಮಾರ್ಚ್‌ನಲ್ಲಿ ನಾನು ಕೋಟು ಹಾಕಿಕೊಂಡು ವಿಮಾನ ಇಳಿಯುವ ಜಾಗದಲ್ಲಿ ಕುಳಿತೇ ಇದ್ದೆ. ಮಂಜು ಬಿಡಲಿಲ್ಲ. ಅಲ್ಲಿ ನೀವು ಅವಳನ್ನು ಮಣ್ಣು ಮಾಡುವ ಹೊತ್ತಿಗೆ ನಾನು ಇಲ್ಲಿ ಕಾಫಿ ಯಂತ್ರದ ಪಕ್ಕದ ಬೆಂಚಿನ ಮೇಲಿದ್ದೆ.

ಸ್ವೆಟರುಗಳನ್ನು ಚರ್ಚಿಗೆ ಕೊಟ್ಟೆ ಎಂದು ಬರೆದಿದ್ದಿರಿ. ಸರಿಯಾಗೇ ಮಾಡಿದಿರಿ. ನನ್ನ ಹತ್ತಿರ ಅವಳದು ಅಂತ ಏನೂ ಇಲ್ಲ ಭಾವಾ. ಬೊಸೆಜೂರ್‌ಗೆ ಇನ್ನೂ ಏಳು ವರ್ಷ ಇದೆ. ಏಳು ವರ್ಷ ವಾರಕ್ಕೆ ಮೂರು ಸಲ ಟಿವಿಯಲ್ಲಿ ಓಡಾಡುತ್ತಾನೆ, ಅವಳು ಆರಿಸಿದವನು. ನೇರವಾಗಿ ಕೇಳಲು ನನಗೆ ಬರಲಿಲ್ಲ. ನನಗೆ ಕೇಳುವುದಕ್ಕೆ ಬರುವುದು ಅದಲುಬದಲು ಒಂದೇ.

ಕೊಡುವುದಿಲ್ಲ ಎಂದರೆ ಬೇಡ. ಲೀಗ್ ಮಾತ್ರ ಮುಚ್ಚಬೇಡಿ.

ವಿಯಾತೂರ್


ಮಾತಾನ್,
ಜನವರಿ 22, 2017

ವಿಯಾತೂರ್, ಅಪ್ಪಾ,

ನಿನ್ನ ಕಾಗದವನ್ನು ಅಂಚೆ ಕಚೇರಿಯಲ್ಲೇ ಒಡೆದು ಓದಿದೆ. ಒಡಿಲ್ ಕಿಟಕಿಗೆ ‘ಮುಚ್ಚಿದೆ’ ಬೋರ್ಡು ತಗುಲಿಸಿ ಈಚೆ ಬಂದು ಪಕ್ಕದಲ್ಲಿ ನಿಂತಳು. “ಕೆಟ್ಟ ಸುದ್ದೀನಾ?” ಎಂದಳು. “ಅಲ್ಲ, ಅದಲುಬದಲು” ಎಂದೆ. “ಅದಕ್ಕೆ ಕಣ್ಣೀರು ಯಾಕೆ?” ಎಂದಳು. “ಮಿತಿ ಮೀರಿದೆ” ಎಂದೆ. ಮರೆತಿದ್ದ ಟೋಪಿಯನ್ನು ತಂದು ತಾನೇ ನನ್ನ ತಲೆಗಿಟ್ಟಳು.

ಟಿವಿ ವಿಚಾರ ಹೇಳಿಬಿಡುತ್ತೇನೆ. ಆಟವನ್ನು ನೋಡಬಲ್ಲೆ. ಅದಕ್ಕೆ ಮುಂಚೆ ರಾಷ್ಟ್ರಗೀತೆ ಬರುತ್ತದಲ್ಲ, ಅದು ಆಗುವುದಿಲ್ಲ. ನಿನ್ನ ಅಕ್ಕ ಅದಕ್ಕೆ ಎದ್ದು ನಿಲ್ಲುತ್ತಿದ್ದಳು, ಕೈಯಲ್ಲಿ ಆಲೂಗೆಡ್ಡೆಯೂ ಚಾಕುವೂ ಇರುತ್ತಿದ್ದವು. ನಿಂತೇ ಸುಲಿಯುತ್ತಿದ್ದಳು. ಗೀತೆ ಮುಗಿಯುವಷ್ಟರಲ್ಲಿ ಒಂದು ಆಲೂಗೆಡ್ಡೆ ಮುಗಿಯುತ್ತಿತ್ತು. ಅಕ್ಟೋಬರ್‌ನಲ್ಲಿ ಒಂದು ದಿನ ಹಾಕಲೆಂದು ಕೈ ಚಾಚಿದೆ. ಸಿಪ್ಪೆಯ ಬುಟ್ಟಿ ಕಣ್ಣಿಗೆ ಬಿತ್ತು.

ಇನ್ನೊಂದು ಮಾತಿದೆ. ಇದನ್ನು ಮೊದಲ ಕಾಗದದಲ್ಲೇ ಬರೆಯಬಹುದಿತ್ತು. ಬರೆದರೆ ನೀನು ಅವನನ್ನು ಕೇಳುತ್ತೀಯ, ಆಗ ನಾನು ಇಲ್ಲ ಎನ್ನಲಾರೆ ಎಂದು ಬರೆಯಲಿಲ್ಲ. ಅವಳು ಪಾತ್ರೆ ಇಳಿಸಲು ಎದ್ದು ಹೋದಳು ಎಂದಿದ್ದೆನಲ್ಲ, ಒಲೆಯ ಹತ್ತಿರ ನಿಂತು, ನನ್ನ ಕಡೆ ಬೆನ್ನು ಮಾಡಿಕೊಂಡೇ ಹೇಳಿದಳು:

“ಅವನು ಓಡೋದು ನೋಡಿದೀರಾ? ಮುಂದಕ್ಕೆ ಬಾಗಿ, ಇನ್ನೇನು ಬಿದ್ದ ಅನ್ನೋ ಹಾಗೆ. ನಮ್ಮ ವಿಯಾತೂರ್ ಥೇಟ್ ಹಾಗೇ ಓಡ್ತಿದ್ದ. ಅವನ ಸ್ವೆಟರ್ ಬಿಡೋಕೇ ನನಗೆ ಧೈರ್ಯ ಬರ್ತಿರ್ಲಿಲ್ಲ.”

ಅವಳು ಎಂಟು ವರ್ಷ ಬರೆದದ್ದು ಅದಕ್ಕೆ. ಅವನು ನಿನ್ನವನೇ ಕಣಪ್ಪಾ.

ಇನ್ನು ವ್ಯವಹಾರ. ದಿ ಅಂಡರ್‌ಸೈನ್ಡ್ ಬೆಗ್ಸ್ ಟು ಸ್ಟೇಟ್, ಮುಂದಿನದು ಮರೆತುಹೋಗಿದೆ, ನಮ್ಮ ಮಾತಿನಲ್ಲೇ ಹೇಳುತ್ತೇನೆ. ನಿನ್ನ ಸ್ಟೆನ್‌ಗಾರ್ಡ್ ನನಗೆ ಬೇಡ, ಅವನ ಅರ್ಧ ಸಂಬಳಕ್ಕೆ ಜಾಗ ಮಾಡಲೂ ರೊಲಾಂದಳ ಒಬ್ಬನನ್ನು ಹೊರಗೆ ಕಳಿಸಬೇಕು, ಕಳಿಸಲಾರೆ. ಬಿಟ್ಟಿ ಕೊಡುವುದಕ್ಕೂ ಅವಳ ನಿಯಮದಲ್ಲಿ ಅವಕಾಶವಿಲ್ಲ. ಆದ್ದರಿಂದ ನಿನ್ನ ಮೂರನೇ ಗೋಲ್‌ಕೀಪರನ್ನು ಕೊಡು, ಬೆಂಚಿನಲ್ಲಿ ಕುಳಿತು ನೀರು ಕುಡಿಯುತ್ತಾನಲ್ಲ, ಅವನು. ಅವನಿಗೆ ಸಂಬಳ ಇಲ್ಲವೇ ಇಲ್ಲ ಅನ್ನುವಷ್ಟು.

ಆದರೆ ಸ್ಟೆನ್‌ಗಾರ್ಡ್ ನಿನ್ನಲ್ಲೇ ಉಳಿದರೆ ನಿನ್ನ ಮಿತಿಯಲ್ಲಿ ಜಾಗವಿರುವುದು ಎರಡು ಮಿಲಿಯನ್‌ಗೆ ಮಾತ್ರ. ಬೊಸೆಜೂರ್‌ಗೆ ನಾಲ್ಕು. ಹಾಗಾಗಿ ನೀನೇ ನೆನಪಿಸಿದ ನಿಯಮದಂತೆ ಅವನ ಅರ್ಧ ಸಂಬಳ ನನ್ನ ಲೆಕ್ಕದಲ್ಲೇ ಇರುತ್ತದೆ. ಒಪ್ಪಂದ ಮುಗಿಯುವ ತನಕ, ಏಳು ವರ್ಷವೂ. ಆಗ ನನಗೆ ಎಂಬತ್ತು ದಾಟಿರುತ್ತದೆ. ಅಲ್ಲಿವರೆಗೆ ಇರಬೇಕಾಯಿತಲ್ಲ ಎಂದು ಈಗ ಯೋಚನೆ.

ಅವನು ನಿನ್ನ ಹತ್ತಿರ ಆಡಲಿ. ಅರ್ಧ ಭಾರ ಇಲ್ಲಿರಲಿ.

ಒನೆಸಿಮ್


ಲಾ ತಬಾತಿಯೇರ್,
ಫೆಬ್ರವರಿ 2, 2017

ಭಾವಾ,

ಒಪ್ಪಿದೆ. ಸಹಿ ಮಾಡಿದ್ದೇನೆ, ಕೆಳಗೆ ನೋಡಿ. ಗ್ರೀಸ್ ಕಲೆಗೆ ಕ್ಷಮೆ ಇರಲಿ.

ಅವಳು ಹಾಗೆ ಹೇಳಿದ್ದು ನನಗೆ ಗೊತ್ತಿರಲಿಲ್ಲ. ಯಂತ್ರದ ಮನೆಯಲ್ಲಿ ಓದಿದೆ. ಅಲ್ಲಿ ಸದ್ದು ಜೋರು, ಯಾರಿಗೂ ಏನೂ ಕೇಳಿಸುವುದಿಲ್ಲ. ಒಳ್ಳೆಯದಾಯಿತು.

ಬೊಸೆಜೂರ್ ಹನ್ನೊಂದನೇ ತಾರೀಕು ಶನಿವಾರ ಮತ್ತೆ ಆಡುತ್ತಾನಂತೆ. ಒಂದು ಹೊಸ ನಿಯಮ ಸೇರಿಸುತ್ತಿದ್ದೇನೆ: ಅರ್ಧ ಸಂಬಳ ಹೊತ್ತವರು ಆಟ ನೋಡಲೇಬೇಕು. ರಾಷ್ಟ್ರಗೀತೆಯ ಹೊತ್ತಿಗೆ ನಾನೂ ಇಲ್ಲಿ ಎದ್ದು ನಿಂತಿರುತ್ತೇನೆ. ಆಲೂಗೆಡ್ಡೆ ವಿಮಾನದಲ್ಲಿ ಬಂದಿದೆ.

ವಿಯಾತೂರ್


ಮಾತಾನ್,
ಫೆಬ್ರವರಿ 12, 2017

ವಿಯಾತೂರ್,

ನಿಂತೆ. ಚಾಕು ಮೊಂಡಾಗಿತ್ತು. ಗೀತೆ ಮುಗಿದಾಗ ನನ್ನ ಆಲೂಗೆಡ್ಡೆ ಅರ್ಧ ಮಾತ್ರ ಸುಲಿದಿತ್ತು, ಸಿಪ್ಪೆಯ ಜೊತೆ ಕಾಲು ಗೆಡ್ಡೆಯೇ ಹೋಗಿತ್ತು. ನಿನ್ನದು ಹೇಗಾಯಿತು ಬರೆ.

ಆಮೇಲೆ ಅವನು ಬಂದ. ನಾನು ಮರೆತೇಬಿಟ್ಟಿದ್ದೆ ಕಣೋ, ಹುಡುಗ ಎಷ್ಟು ಬಾಗುತ್ತಾನೆ! ಎರಡನೇ ಅವಧಿಯಲ್ಲಿ ಆ ದೈತ್ಯ ಬಂದು ಗೋಡೆಗೆ ಒತ್ತಿ ಕೆಡವಿದಾಗ, ಅದೇ ಭುಜದ ಮೇಲೆ ಬಿದ್ದಾಗ, ನಾನು “ಬಿಡಬೇಡಾ!” ಎಂದು ಕೂಗಿದೆನಂತೆ. ಯಾರಿಗೆ ಕೂಗಿದೆ ಎಂದು ನನಗೇ ಗೊತ್ತಿಲ್ಲ. ಫೆರ್ನಾಂದ್ ಕೋಟಿನ ಒಂದೇ ತೋಳು ಹಾಕಿಕೊಂಡು ಓಡಿಬಂದಳು.

“ಒನೆಸಿಮ್! ಬಿದ್ರಾ?”

“ನಾನಲ್ಲ, ಅವನು!”

“ಯಾರು?”

“ವಿಯಾತೂರ್‌ನವನು! ನೋಡು, ಎದ್ದ! ಎದ್ದ ನೋಡು!”

ಎದ್ದವನೇ ಜೊತೆಯವನಿಗೆ ಪಕ್ ಕೊಟ್ಟ, ಗೋಲಾಯಿತು. ಫೆರ್ನಾಂದ್ ಆಟ ಮುಗಿಯುವ ತನಕ ಕುಳಿತಳು, ರೊಲಾಂದಳ ಕುರ್ಚಿಯಲ್ಲಿ ಅಲ್ಲ, ಸ್ಟೂಲಿನ ಮೇಲೆ. ಮಿತಿ ಯಾಕಿರಬೇಕು ಎಂದು ಈಗ ಸ್ವಲ್ಪ ಅರ್ಥವಾಯಿತು ಎಂದಳು. ನನಗೆ ನಂಬಿಕೆಯಿಲ್ಲ.

ಈಗ ಲೆಕ್ಕ. ಆ ಗೋಲಿಗೆ ಪಾಸು ಕೊಟ್ಟದ್ದಕ್ಕೆ ಒಂದು ಅಂಕ. ಅರ್ಧ ಸಂಬಳ ಹೊರುತ್ತಿರುವವನು ನಾನು. ಆದ್ದರಿಂದ ಅರ್ಧ ಅಂಕ ನನ್ನದು ಎಂದು ವಾದಿಸುತ್ತೇನೆ. ಐ ರಿಮೇನ್, ಸರ್,

ಒನೆಸಿಮ್


ಲಾ ತಬಾತಿಯೇರ್,
ಫೆಬ್ರವರಿ 24, 2017

ಭಾವಾ,

ನಿಯಮ ಮತ್ತೆ ಓದಿದೆ. ಅಕ್ಕ ಭಾರವನ್ನು ಅರ್ಧ ಮಾಡುವುದಕ್ಕೆ ಬರೆದಿದ್ದಾಳೆ, ಅಂಕವನ್ನು ಅರ್ಧ ಮಾಡುವುದಕ್ಕೆ ಬರೆದಿಲ್ಲ. ಅಂಕ ಪೂರ್ತಿ ನನ್ನದು. ವಾದ ಮಾಡುವುದಿದ್ದರೆ ಬಂದು ಮಾಡಿ. ಜೂನ್‌ನಲ್ಲಿ ಮಂಜು ಕಡಿಮೆ, ವಿಮಾನ ಇಳಿಯುತ್ತದೆ, ನನ್ನ ಮನೆಯಲ್ಲಿ ಕುರ್ಚಿ ಎರಡಿವೆ.

ಗೆಲ್ಲುವವರು ಯಾರೆಂದು ಈಗಲೇ ಗೊತ್ತಿರುವುದರಿಂದ ಬಹುಮಾನದ ಜಾಮ್ ಬಾಟಲಿ ತೆರೆದುಬಿಟ್ಟೆ. ಅರ್ಧ ತಿಂದಿದ್ದೇನೆ. ಉಳಿದದ್ದು ಈ ಪೊಟ್ಟಣದಲ್ಲಿದೆ.

ವಿಯಾತೂರ್